ಮಾಜಿ ಒಂದನೇ ನಂಬರು

ತಾನು ಕೈಯಾರೆ ಮಾಡದ, ಬೆವರು ಸುರಿಸದ ಯಾವುದೋ ಒಂದು ಸಂಗತಿಯ ಬಗ್ಗೆ ಹೆಮ್ಮೆ ಪಡದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಒಬ್ಬರಿಗೆ ತಮ್ಮ ಊರಿನ ನೀರು ಸಿಹಿ ಎಂಬ ಹೆಮ್ಮೆ. ಇನ್ನೊಬ್ಬರಿಗೆ ತಮ್ಮ ಸೋದರಮಾವ ಒಂದು ಕಾಲಕ್ಕೆ ತಹಶೀಲ್ದಾರರಾಗಿದ್ದರು ಎಂಬ ಹೆಮ್ಮೆ. ನಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ತನ್ನ ಎರಡು ಕಣ್ಣಿನ ಬಣ್ಣ ಬೇರೆ ಬೇರೆ ಎಂದು ದಿನಕ್ಕೊಮ್ಮೆಯಾದರೂ ಯಾರಿಗಾದರೂ ತೋರಿಸದೆ ಮನೆಗೆ ಹೋಗುವುದಿಲ್ಲ. ನನಗೆ ಇಂಥದ್ದೇನೂ ಇರಲಿಲ್ಲ. ಕಣ್ಣೆರಡೂ ಒಂದೇ ಬಣ್ಣ, ಊರಿನ ನೀರು ಉಪ್ಪು, ಸೋದರಮಾವ ತಹಶೀಲ್ದಾರರ ಕಚೇರಿಯ ಎದುರು ಅರ್ಜಿ ಬರೆದುಕೊಡುತ್ತಿದ್ದವರು. ನನಗಿದ್ದ ಒಂದೇ ಒಂದು ಹೆಮ್ಮೆ ಒಂದು ರಸ್ತೆಯ ನಂಬರು. ನ್ಯೂಜಿಲೆಂಡಿನ ಸ್ಟೇಟ್ ಹೈವೇ ಒಂದು! ಉತ್ತರ ದ್ವೀಪದ ತುತ್ತತುದಿಯಲ್ಲಿ ಶುರುವಾಗಿ, ದೇಶದ ಉದ್ದಕ್ಕೂ ಇಳಿದು ಬಂದು, ವೆಲ್ಲಿಂಗ್ಟನ್ನಿನಲ್ಲಿ ಸಮುದ್ರ ಕಂಡು ನಿಂತು, ಆಚೆಯ ದ್ವೀಪದಲ್ಲಿ ಮತ್ತೆ ಎದ್ದು, ದಕ್ಷಿಣದ ಕೊನೆಯ ಊರು ಬ್ಲಫ್ ಮುಟ್ಟುವ ಮಹಾರಸ್ತೆ. ಅದು ವೆಲ್ಲಿಂಗ್ಟನ್ ಪಕ್ಕದ ಊರು ಪೊರಿರುವಾದ ನಮ್ಮ ಮನೆಯ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಈಗ ಹೋಗುತ್ತಿಲ್ಲ. ಮನೆ ಇದ್ದಲ್ಲೇ ಇದೆ, ರಸ್ತೆಯೂ ಇದ್ದಲ್ಲೇ ಇದೆ, ನಂಬರು ಮಾತ್ರ ಎದ್ದು ಗುಡ್ಡದ ಆಚೆಗೆ ಹೋಗಿದೆ.

ಈ ನಂಬರಿನ ಹುಚ್ಚು ನನಗೆ ಹುಟ್ಟಿನಿಂದ ಬಂದದ್ದಲ್ಲ, ಹೆಣ್ಣು ಕೊಟ್ಟ ಮಾವನಿಂದ ಅಂಟಿದ್ದು. ಮಾವ ಭೀಮರಾಯರು ಧಾರವಾಡದವರು. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿ ತಮ್ಮ ಆಯುಷ್ಯದ ಬಹುಪಾಲನ್ನು ಪಿ.ಬಿ. ರೋಡಿನ ಮೇಲೆ ಸವೆಸಿದವರು. ಪಿ.ಬಿ. ರೋಡ್ ಎಂದರೆ ಪುಣೆ-ಬೆಂಗಳೂರು ರಸ್ತೆ, ಅಂದರೆ ರಾಷ್ಟ್ರೀಯ ಹೆದ್ದಾರಿ ನಾಲ್ಕು. ಮನೆ ಕಟ್ಟಿಸಿದ್ದೂ ಅದರ ಮೇಲೆಯೇ. ಮನುಷ್ಯರನ್ನು ಅಳೆಯಲು ಕೆಲವರು ಜಾತಿ ನೋಡುತ್ತಾರೆ, ಕೆಲವರು ಕಾರು ನೋಡುತ್ತಾರೆ. ಮಾವ ನೋಡುತ್ತಿದ್ದದ್ದು ರಸ್ತೆ. ರಾಷ್ಟ್ರೀಯ ಹೆದ್ದಾರಿಯ ಮೇಲೆ ಮನೆಯಿದ್ದವರು ಬಂದರೆ ಪಡಸಾಲೆಯಲ್ಲಿ ಕುರ್ಚಿ ಮತ್ತು ಚಹಾ. ರಾಜ್ಯ ಹೆದ್ದಾರಿಯವರಿಗೆ ಕಟ್ಟೆಯ ಮೇಲೆ ಚಾಪೆ. ಜಿಲ್ಲಾ ಮುಖ್ಯ ರಸ್ತೆಯವರು ನಿಂತೇ ಮಾತಾಡಿ ಹೋಗಬೇಕು. ನಾನು ಅವರ ದೊಡ್ಡ ಮಗಳು ಸುಧಾಳನ್ನು ನೋಡಲು ಹೋದಾಗ ಅವರು ನನ್ನ ಸಂಬಳ ಕೇಳಲಿಲ್ಲ, ಓದು ಕೇಳಲಿಲ್ಲ. "ಅಲ್ಲೆ ನಿಮ್ಮ ಮನಿ ಯಾವ ರಸ್ತಾದ ಮ್ಯಾಲ ಅದರಿ?" ಎಂದರು. ಆಗ ಈ ಮನೆಯಲ್ಲಿ ನಾನು ಬಾಡಿಗೆಗಿದ್ದೆ; ಜೊತೆಗೆ ಇಬ್ಬರು ಫ್ಲ್ಯಾಟ್‌ಮೇಟುಗಳಿದ್ದರು, ಅವರಲ್ಲೊಬ್ಬ ಬಾತ್‌ಟಬ್ಬಿನಲ್ಲಿ ಈಲ್ ಮೀನು ಸಾಕಿದ್ದ. ಅದನ್ನೆಲ್ಲ ಹೇಳದೆ, "ಸ್ಟೇಟ್ ಹೈವೇ ಒಂದು" ಎಂದಷ್ಟೇ ಹೇಳಿದೆ. ಮಾವ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು. "ಒಂದನೇ ನಂಬರ?" ಎಂದರು. ಒಳಗೆ ತಿರುಗಿ, "ಏ, ಉಪ್ಪಿಟ್ಟಿಗೆ ಇನ್ನೊಂಚೂರು ತುಪ್ಪಾ ಹಾಕರಿ" ಎಂದು ಕೂಗಿದರು. ನನ್ನ ಮದುವೆ ನಿಶ್ಚಯವಾದದ್ದು ಆ ತುಪ್ಪದಲ್ಲಿ.

ಅಂದಿನಿಂದ ಆ ಮನೆಯಲ್ಲಿ ನಾನು ಒಂದನೇ ನಂಬರ್ ಅಳಿಯ. ಇದು ಬರೀ ಬಾಯಿಮಾತಲ್ಲ. ನಿವೃತ್ತ ಇಂಜಿನಿಯರುಗಳ ಸಂಘದಲ್ಲಿ ನನ್ನನ್ನು ಹಾಗೆಂದೇ ಪರಿಚಯಿಸಿದರು. ನಾನು ಊರಿಗೆ ಹೋದಾಗ ಮೊದಲ ಹೋಳಿಗೆ ನನ್ನ ಎಲೆಗೆ, ಕಿಟಕಿ ಪಕ್ಕದ ಮಂಚ ನನಗೆ, ಬಿಸಿನೀರಿನ ಮೊದಲ ಬಕೀಟೂ ನನಗೆ. ನಾಲ್ಕು ವರ್ಷದ ನಂತರ ಸುಧಾಳ ತಂಗಿಗೆ ಮದುವೆಯಾಯಿತು. ಹೀಗೆ ಬಂದವನೇ ನನ್ನ ಷಡ್ಡಕ ಪ್ರಮೋದ. ಅಮೆರಿಕದ ಅಲ್ಬುಕರ್ಕಿ ಎಂಬ ಊರಿನಲ್ಲಿ ಅವನು ಮಣ್ಣು ಪರೀಕ್ಷೆ ಮಾಡುತ್ತಾನೆ. ಮಣ್ಣು ಪರೀಕ್ಷೆ ಮಾಡುವವನಿಗೆ ನೆಲದ ಮೇಲೆ ಕಾಲಿರಬೇಕು ತಾನೇ? ಇವನಿಗಿಲ್ಲ. ಮಾವನ ದೌರ್ಬಲ್ಯ ಗೊತ್ತಾಗುತ್ತಲೇ ಅವನು ಅಮೆರಿಕದಿಂದ ಒಂದು ತಗಡು ಕಳಿಸಿದ. ಢಾಲಿನ ಆಕಾರ, ಕಂದು ಬಣ್ಣ, ನಡುವೆ ದಪ್ಪ ಅಕ್ಷರದಲ್ಲಿ 66. "ರೂಟ್ ಅರವತ್ತಾರು, ಮಾವಾರ. ಅಮೆರಿಕಾದ ಎಲ್ಲಾ ರಸ್ತಾಗಳ ತಾಯಿ ಇದು. ನಮ್ಮ ಮನಿ ಇದರ ಮ್ಯಾಲ ಅದ" ಎಂದು ಫೋನು ಬೇರೆ. ಮಾವ ಆ ತಗಡನ್ನು ಪಡಸಾಲೆಯಲ್ಲಿ, ನಮ್ಮ ಮದುವೆಯ ಫೋಟೋದ ಪಕ್ಕ ಮೊಳೆ ಹೊಡೆದು ತೂಗುಹಾಕಿದರು. ಪಕ್ಕ ಎಂದರೂ ಅರ್ಧ ಅಡಿ ಮೇಲೆ. ಆ ಅರ್ಧ ಅಡಿ ನನ್ನನ್ನು ವರ್ಷಗಟ್ಟಲೆ ಕೊರೆದಿದೆ.

ಹೊಟ್ಟೆಕಿಚ್ಚು ಮನುಷ್ಯನನ್ನು ವಿದ್ವಾಂಸನನ್ನಾಗಿ ಮಾಡುತ್ತದೆ. ಪರೀಕ್ಷೆಗೂ ಅಷ್ಟು ಓದದ ನಾನು ಆ ಅರವತ್ತಾರರ ಚರಿತ್ರೆಯನ್ನು ಕೂತು ಓದಿದೆ. ಷಿಕಾಗೋದಲ್ಲಿ ಹೊರಟು, ಎಂಟು ರಾಜ್ಯ ದಾಟಿ, ಕ್ಯಾಲಿಫೋರ್ನಿಯಾದ ಕಡಲಿನವರೆಗೆ ಹೋದ ರಸ್ತೆ ಅದು, ಒಪ್ಪುತ್ತೇನೆ. ಆದರೆ ಆ ನಂಬರು ಬಂದದ್ದು ಹೇಗೆ? ಅದನ್ನು ಹಾಕಿಸಿದವರಿಗೆ ಬೇಕಾಗಿದ್ದದ್ದು ಅರವತ್ತು. ಕೊನೆಯಲ್ಲಿ ಸೊನ್ನೆ ಇದ್ದರೆ ದೊಡ್ಡ ರಸ್ತೆ ಎಂದು ಆಗ ಲೆಕ್ಕ. ಕೆಂಟಕಿಯ ಗವರ್ನರ್ ಎದ್ದು, ಸೊನ್ನೆಯ ರಸ್ತೆ ಒಂದೂ ನಮ್ಮ ರಾಜ್ಯಕ್ಕೆ ಬಂದಿಲ್ಲ, ಅರವತ್ತು ನಮಗೇ ಬೇಕು ಎಂದು ಹಟ ಹಿಡಿದ. ಅರವತ್ತೆರಡು ಕೊಡುತ್ತೇವೆ ಎಂದರೆ ಷಿಕಾಗೋ ರಸ್ತೆಯವರು ಒಲ್ಲೆ ಎಂದರು. ಜಗಳ ಹರಿಯದೆ ಕೊನೆಗೆ, ಯಾರಿಗೂ ಕೊಡದೆ ಉಳಿದಿದ್ದ ನಂಬರುಗಳಲ್ಲಿ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ ಎಂದು ಅರವತ್ತಾರನ್ನು ಎತ್ತಿಕೊಂಡು ಹೋದರು. ಅಂದರೆ ಪ್ರಮೋದನ ರಸ್ತೆಯ ತಾಯಿತನ ಉಳಿಕೆ ಮಾಲಿನಿಂದ ಬಂದದ್ದು! ಇನ್ನು ಅವನ ಊರಿನ ಕಥೆ ಕೇಳಿ. ಮೊದಲು ಆ ರಸ್ತೆ ಅವನ ರಾಜ್ಯದ ರಾಜಧಾನಿ ಸಾಂಟಾ ಫೆಯನ್ನು ಹಾದು ಸುತ್ತಿ ಬರುತ್ತಿತ್ತು. ಚುನಾವಣೆಯಲ್ಲಿ ಸೋತ ಗವರ್ನರೊಬ್ಬ ಸಿಟ್ಟಿಗೆದ್ದು, ಕುರ್ಚಿ ಬಿಡುವ ಮೊದಲಿನ ಕೆಲವೇ ವಾರಗಳಲ್ಲಿ ರಾಜಧಾನಿಯನ್ನು ಬಿಟ್ಟು ನೇರವಾಗಿ ಹೊಸ ದಾರಿ ಹಾಕಿಸಿದನಂತೆ. ಇದನ್ನು ಓದಿದಾಗ ಮಾತ್ರ ನನಗೆ ಅಮೆರಿಕದ ಬಗ್ಗೆ ನಮ್ಮವರು ಎಂಬ ಭಾವನೆ ಬಂತು. ಇದರಿಂದಾಗಿ ಅಲ್ಬುಕರ್ಕಿಯ ನಡುಪೇಟೆಯಲ್ಲಿ ಅರವತ್ತಾರು ಮತ್ತು ಅರವತ್ತಾರು ಒಂದನ್ನೊಂದು ಅಡ್ಡ ಹಾಯುವ ಒಂದು ಚೌಕವಿದೆ. ತನ್ನನ್ನು ತಾನೇ ಅಡ್ಡಗಟ್ಟುವ ರಸ್ತೆ! ಎಲ್ಲಕ್ಕಿಂತ ಮಿಗಿಲಾದ ಸಂಗತಿ ಕೊನೆಯ ಪುಟದಲ್ಲಿತ್ತು. ಎಂಬತ್ತರ ದಶಕದಲ್ಲೇ ಸರಕಾರ ಆ ನಂಬರನ್ನು ತನ್ನ ಪಟ್ಟಿಯಿಂದ ಕಿತ್ತುಹಾಕಿದೆ. ಪ್ರಮೋದ ಅಮೆರಿಕಕ್ಕೆ ಕಾಲಿಡುವ ಎಷ್ಟೋ ಮೊದಲೇ ಅವನ ರಸ್ತೆ ಕಾಗದದ ಮೇಲೆ ಸತ್ತಿತ್ತು. ನಾನು ಪುಸ್ತಕ ಮುಚ್ಚಿ ಎರಡು ಚಕ್ಕುಲಿ ತಿಂದೆ. ಸರಿಯಾದ ಸಮಯದಲ್ಲಿ, ಮಾವನ ಎದುರಿಗೇ ಇದನ್ನು ಸಿಡಿಸಬೇಕು ಎಂದು ಕಾದಿರಿಸಿಕೊಂಡೆ.

ಆ ಸಮಯ ಬರುವ ಮೊದಲೇ ನನ್ನ ನಂಬರು ಹೋಯಿತು. ಕೆಲವು ವರ್ಷಗಳ ಹಿಂದೆ, ಕರೆಂಟಿನ ದೊಡ್ಡ ತಂತಿಗಳು ಹಾದುಹೋಗುವ ಗುಡ್ಡಗಳ ನಡುವಿನ ಕಣಿವೆಯಲ್ಲಿ ಹೊಸ ಮೋಟರ್‌ವೇ ತೆರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಈ ದಾರಿಯನ್ನು ಆಗಲೇ ಮಾಡಿಕೊಡುತ್ತೇವೆ ಎಂದಿದ್ದರಂತೆ. ಪಕ್ಕದ ಮನೆಯ ಗ್ರಾಂಟ್ ಬಾಯಿಂದ ಇದನ್ನು ಕೇಳಿದಾಗ, ನನ್ನ ವಿರುದ್ಧ ಅಮೆರಿಕದವರ ಸಂಚು ಇಷ್ಟು ಹಳೆಯದೇ ಎಂದು ದಂಗಾದೆ. ಹೊಸ ದಾರಿ ತೆರೆದ ದಿನ ಒಂದನೇ ನಂಬರು ಅತ್ತ ಹೋಯಿತು, ನಮ್ಮ ರಸ್ತೆಗೆ ಐವತ್ತೊಂಬತ್ತು ಬಂತು. ಇಡೀ ಬೀದಿ ಹಬ್ಬ ಮಾಡಿತು. ಲಾರಿಗಳ ಸದ್ದು ನಿಂತಿತು, ಬೀದಿ ದಾಟಲು ಈಗ ಅರ್ಧ ಗಂಟೆ ಕಾಯಬೇಕಿಲ್ಲ ಎಂದು ಗ್ರಾಂಟ್ ಅಂಗಳದಲ್ಲಿ ಸಾಸೇಜು ಸುಟ್ಟು ಎಲ್ಲರಿಗೂ ಹಂಚಿದ. ನಾನೊಬ್ಬನೇ ಕಿಟಕಿಯ ಪರದೆ ಎಳೆದು ಸೂತಕ ಆಚರಿಸಿದೆ. ನಮ್ಮ ಗೇಟಿನ ಪಕ್ಕದ ಕಂಬದಲ್ಲಿದ್ದ, ರಸ್ತೆಯ ನಂಬರು ತೋರಿಸುವ ಕೆಂಪು ಢಾಲಿನೊಳಗೆ ಹೊಸ ನಂಬರನ್ನು ಕೂರಿಸಿ ಹೋದರು. "ಅಪ್ಪಾ, ಇಟ್ಸ್ ಜಸ್ಟ್ ಅ ನಂಬರ್" ಎಂದಳು ಹದಿನಾಲ್ಕರ ಮಗಳು ಅನಘಾ. ಸುಧಾ, "ಐವತ್ತೊಂಬತ್ತು ಅಂದ್ರ ಅರವತ್ತಾರಕ್ಕಿಂತ ಇನ್ನೂ ಏಳು ಮುಂದ ಇದ್ದೀರಿ, ಸುಮ್ಮನಿರ್ರಿ" ಎಂದು ಸಮಾಧಾನ ಮಾಡಿದಳು. ಧಾರವಾಡಕ್ಕೆ ಮಾತ್ರ ಯಾರೂ ಹೇಳಕೂಡದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡೆ.

ಹೇಳಿದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಹೋಳಿಗೆ ಎರಡನೆಯದಾಗಿ ಬಂದರೂ ಹೊಟ್ಟೆ ತುಂಬುತ್ತದೆ. ನನ್ನ ಭಯಕ್ಕೆ ಬೇರೆ ಕಾರಣವಿತ್ತು, ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮದುವೆಯಾದ ಮೊದಲ ದಸರೆಗೆ ಧಾರವಾಡಕ್ಕೆ ಹೋಗಿದ್ದೆ. ಮಾವನ ಅಂಗಳದಲ್ಲಿ, ತುಳಸಿಕಟ್ಟೆಯಿಂದ ಮಾರು ದೂರದಲ್ಲಿ, ಒಂದು ಕಿಲೋಮೀಟರ್ ಕಲ್ಲು ಇತ್ತು. ಊರ ಹೊರಗೆ ಬೈಪಾಸ್ ಆಗಿ ಹೆದ್ದಾರಿ ಅತ್ತ ಹೋದ ಮೇಲೆ, ಇಲಾಖೆಯವರು ಕಿತ್ತು ಚರಂಡಿಯ ಪಕ್ಕ ಒಗೆದಿದ್ದ ಕಲ್ಲು ಅದು. ಮಾವ ಕೂಲಿಯವರನ್ನು ಹಿಡಿದು ಅದನ್ನು ತಂದು ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದರು. ಆಯುಧಪೂಜೆಯ ದಿನ ಉಳಿದವರು ಸ್ಕೂಟರು, ಸೈಕಲ್ಲು ತೊಳೆದರೆ ಮಾವ ಕಲ್ಲು ತೊಳೆಯುತ್ತಿದ್ದರು. ತಲೆಗೆ ಹಳದಿ, ಮೈಗೆ ಬಿಳಿ, ಮೇಲೆ ಕಪ್ಪಿನಲ್ಲಿ ರಾ.ಹೆ. 4. ನಂತರ ಕುಂಕುಮ, ಹೂವು, ಕಾಯಿ. ಹೊಸ ಅಳಿಯ, ಒಂದನೇ ನಂಬರಿನ ಮದ, ಸುತ್ತ ಇಪ್ಪತ್ತು ಜನ ಬಂಧುಗಳು. ನಾನು ದೊಡ್ಡ ನಗೆಚಾಟಿಕೆ ಎಂಬಂತೆ, "ಮಾವಾರ, ಈ ಕಲ್ಲು ಸುಳ್ಳು ಹೇಳತದ. ನಿಮ್ಮ ಹೆದ್ದಾರಿ ಬೈಪಾಸಿಗೆ ಹೋಗಿ ಯಾವ ಕಾಲಾತು!" ಎಂದೆ. ಎಲ್ಲರೂ ನಕ್ಕರು. ಮಾವನೂ ನಕ್ಕರು. ಆದರೆ ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸುತ್ತಾ ನಿಂತರು. ಆ ಒರೆಸುವಿಕೆ ನನಗೆ ಆಗ ಅರ್ಥವಾಗಲಿಲ್ಲ. ನನ್ನ ಕಂಬಕ್ಕೆ ಐವತ್ತೊಂಬತ್ತು ಬಂದ ದಿನ ಅರ್ಥವಾಯಿತು. ಅದೇ ಮಾತನ್ನು ಅವರು ನನಗೆ ತಿರುಗಿಸಿ ಹೇಳಿದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಹೀಗಿರುವಾಗ ಮಾವ ಮೂರು ತಿಂಗಳಿಗೆ ನಮ್ಮಲ್ಲಿಗೆ ಬರುತ್ತೇನೆ ಎಂದರು. "ನಿಮ್ಮ ಒಂದನೇ ನಂಬರ್ ರಸ್ತಾ ಒಮ್ಮೆ ಕಣ್ಣಿಂದ ನೋಡಬೇಕು" ಎಂದರು. ಈ ಕಣ್ಣಿನ ವಿಷಯದಲ್ಲಿ ನನ್ನ ದುರ್ದೈವ ನೋಡಿ. ಪೊರಿರುವಾದ ಮಾಲಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಉದ್ಯೋಗ. ಹಿಂದಿನ ವರ್ಷವಷ್ಟೇ ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಐವತ್ತೊಂಬತ್ತಿರಲಿ, ಆನೆ ಬಂದು ನಿಂತರೂ ಅವರಿಗೆ ಕಾಣುತ್ತಿರಲಿಲ್ಲ. ಆಪರೇಷನ್ ಬೇಡವೇ ಬೇಡ ಎಂದವರನ್ನು ವಾರಗಟ್ಟಲೆ ಫೋನು ಮಾಡಿ ಒಪ್ಪಿಸಿ, ಒಳ್ಳೆಯ ಡಾಕ್ಟರನ್ನು ಹುಡುಕಿಸಿ, ಮಸೂರ ಯಾವುದು ಹಾಕಬೇಕೆಂದೂ ಹೇಳಿ ಮಾಡಿಸಿದವನು ನಾನೇ. ಈಗ ಅವರು ಕನ್ನಡಕವಿಲ್ಲದೆ ಪಂಚಾಂಗ ಓದುತ್ತಿದ್ದರು.

ವಿಮಾನ ನಿಲ್ದಾಣದಿಂದ ಮನೆಗೆ ಕರೆತರುವುದೇ ಮೊದಲ ಕಂಟಕ. ವೆಲ್ಲಿಂಗ್ಟನ್ನಿನಿಂದ ಉತ್ತರಕ್ಕೆ ಹೊರಟವರಿಗೆ ಒಂದನೇ ನಂಬರು ಅಲ್ಲಿಂದಲೇ ಶುರು. ಮುಂದಿನ ಸೀಟಿನಲ್ಲಿ ಕೂತ ಮಾವ ಪ್ರತಿಯೊಂದು ಫಲಕವನ್ನೂ ಗಟ್ಟಿಯಾಗಿ ಓದುತ್ತಿದ್ದರು; ಒಂದೊಂದು ಕೆಂಪು ಢಾಲು ಕಂಡಾಗಲೂ ಕೈಮುಗಿಯುವುದೊಂದು ಬಾಕಿ. ನಗರ ದಾಟಿ ಅರ್ಧ ದಾರಿ ಬಂದ ಮೇಲೆ ರಸ್ತೆ ಎರಡಾಗಿ ಒಡೆಯುತ್ತದೆ. "ಅಳಿಯಂದ್ರ, ಪೊರಿರುವಾ ಎಡಕ್ಕ ಅಂತ ಬರದಾರ. ಐವತ್ತೊಂಬತ್ತು" ಎಂದರು ಮಾವ. "ಅದು ಪೊರಿರುವಾದ ಬ್ಯಾರೆ ಭಾಗ, ಮಾವಾರ" ಎಂದು ನಾನು ಒಂದನೇ ನಂಬರನ್ನು ಬಿಡದೆ ಗುಡ್ಡ ಹತ್ತಿಸಿದೆ. ಹಿಂದಿನ ಸೀಟಿನಲ್ಲಿ ಸುಧಾ ಹಣೆಗೆ ಕೈ ಹಚ್ಚಿದ್ದು ಕನ್ನಡಿಯಲ್ಲಿ ಕಂಡಿತು. ಮಾವ ಹೊಸ ರಸ್ತೆಯನ್ನು ಬಾಯ್ತುಂಬ ಹೊಗಳಿದರು, ಏರು ಒಂಚೂರು ಹೆಚ್ಚಾಯಿತು ಎಂದರು, ಚರಂಡಿ ನೋಡಿ ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ ನಾನು ಹೆದ್ದಾರಿಯಿಂದ ಇಳಿದು, ಗುಡ್ಡದ ಬಡಾವಣೆಗಳಲ್ಲಿ ಸುತ್ತಿ ಸುತ್ತಿ, ಎರಡು ಸಲ ಒಂದೇ ಶಾಲೆಯನ್ನು ದಾಟಿ, ಕೊನೆಗೆ ಮನೆ ಮುಟ್ಟಿಸಿದೆ. "ಅಲ್ರೀ," ಎಂದರು ಮಾವ ಕಾರಿನಿಂದ ಇಳಿಯುತ್ತಾ, "ಹೆದ್ದಾರಿ ಮ್ಯಾಲಿನ ಮನಿಗೆ ಹೆದ್ದಾರಿ ಬಿಟ್ಟು ಇಷ್ಟು ತಿರಗ್ಯಾಡಿ ಬರಬೇಕೇನು?" ನಾನು ಶಾರ್ಟ್‌ಕಟ್ ಎಂದೆ. ಶಾರ್ಟ್‌ಕಟ್ಟಿಗೆ ನಲವತ್ತು ನಿಮಿಷ ಹಿಡಿದಿತ್ತು.

ಗೇಟಿನ ಪಕ್ಕದ ಕಂಬಕ್ಕೆ ನಾನು ಮೊದಲೇ ವ್ಯವಸ್ಥೆ ಮಾಡಿದ್ದೆ. ಗ್ರಾಂಟನ ಬಳಿ ಒಂದು ಮೀನು ಹಿಡಿಯುವ ದೋಣಿಯಿದೆ, ಟ್ರೇಲರಿನ ಮೇಲೆ ಕೂತಾಗ ಅದರ ಚಾವಣಿ ನಮ್ಮ ಬೇಲಿಗಿಂತ ಎತ್ತರ. ಅದನ್ನು ಕಂಬದ ಮುಂದೆ ನಿಲ್ಲಿಸು ಎಂದು ಕೇಳಿಕೊಂಡಾಗ ಅವನು ಕಾರಣ ಕೇಳಿದ. ಹೆಂಡತಿಯ ತಂದೆ ನಮ್ಮ ರಸ್ತೆಯ ನಂಬರು ನೋಡಬಾರದು ಎಂದೆ. ಇಲ್ಲಿಯ ಜನ ಒಳ್ಳೆಯವರು. ಇನ್ನೊಬ್ಬರ ಧರ್ಮಾಚರಣೆಯ ಬಗ್ಗೆ ಹೆಚ್ಚು ಕೆದಕುವುದಿಲ್ಲ. "ಓಹ್, ಓಲ್ಡ್ ಒನ್ ವಿಷಯವೇ?" ಎಂದು ಗಂಭೀರವಾಗಿ ತಲೆಯಾಡಿಸಿ ದೋಣಿ ತಂದು ನಿಲ್ಲಿಸಿದ. ಈ ರಸ್ತೆಯನ್ನು ಇಲ್ಲಿನ ಹಳಬರು ಈಗಲೂ ಓಲ್ಡ್ ಒನ್ ಎಂದೇ ಕರೆಯುತ್ತಾರೆ. ನನಗೆ ಅದು ಯಾವಾಗಲೂ ನನ್ನನ್ನೇ ಕರೆದಂತೆ ಕೇಳಿಸುತ್ತದೆ.

ಐದು ದಿನ ಎಲ್ಲವೂ ಸುಸೂತ್ರ. ಮಾವ ಬೆಳಿಗ್ಗೆ ಎದ್ದು, ಮಂಕಿಕ್ಯಾಪು ಹಾಕಿಕೊಂಡು, ಕೋಲು ಹಿಡಿದು ವಾಕಿಂಗಿಗೆ ಹೊರಡುತ್ತಿದ್ದರು. ಬಂದು ರಸ್ತೆಯ ಅಗಲ, ಡಾಂಬರಿನ ದಪ್ಪ, ಅಂಚಿನ ಇಳಿಜಾರು ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ನಂಬರಿನ ಬಗ್ಗೆ ಒಂದು ಮಾತಿಲ್ಲ. "ಆ ಹಡಗ ಯಾಕ ದಿನಾ ಅಲ್ಲೇ ನಿಂತದ?" ಎಂದು ಒಮ್ಮೆ ಕೇಳಿದರು, ಅಷ್ಟೇ. ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಕಿಟಕಿಯಿಂದ ನೋಡುತ್ತೇನೆ: ದೋಣಿ ಇಲ್ಲ! ಗಾಳಿ ಕಡಿಮೆಯಿದೆ ಎಂದು ಗ್ರಾಂಟ್ ಮೀನಿಗೆ ಹೊರಟುಹೋಗಿದ್ದ. ಮಾವ ವಾಕಿಂಗಿನಿಂದ ಬರುವ ಹೊತ್ತು. ನಾನು ಅಡುಗೆಮನೆಯ ಸ್ಟೂಲು ಮತ್ತು ಸುಧಾಳ ದೊಡ್ಡ ಹೂವಿನ ಕೊಡೆ ಎತ್ತಿಕೊಂಡು ಪೈಜಾಮದಲ್ಲೇ ಓಡಿದೆ. ಕಂಬದ ಮುಂದೆ ಸ್ಟೂಲು ಹಾಕಿ, ಮೇಲೆ ಹತ್ತಿ, ಕೊಡೆ ಬಿಚ್ಚಿ ಢಾಲಿಗೆ ಅಡ್ಡ ಹಿಡಿದು ನಿಂತೆ. ಹೋಗುವ ಕಾರಿನವರು ಹಾರ್ನ್ ಹೊಡೆದು ಕೈಬೀಸಿದರು, ನಾನೂ ಮುಗುಳ್ನಕ್ಕೆ. ಗಾಳಿ ಕಡಿಮೆ ಎಂದು ಗ್ರಾಂಟ್ ಅಂದದ್ದು ಇಲ್ಲಿಯ ಲೆಕ್ಕದಲ್ಲಿ. ಮೂರೇ ನಿಮಿಷದಲ್ಲಿ ಒಂದು ಗಾಳಿ ಬೀಸಿ ಕೊಡೆ ತಿರುವುಮುರುವಾಯಿತು, ಬಟ್ಟೆ ಕಿತ್ತು ಕಡಲ ಕಡೆಗೆ ಹಾರಿತು, ಕಡ್ಡಿಗಳಷ್ಟೇ ನನ್ನ ಕೈಯಲ್ಲುಳಿದವು. ಆ ಕಡ್ಡಿಗಳನ್ನೇ ನಾನು ಐವತ್ತೊಂಬತ್ತರ ಮುಂದೆ ಹಿಡಿದು ನಿಂತಿದ್ದಾಗ ಬೆನ್ನ ಹಿಂದೆ ಕೋಲಿನ ಸದ್ದಾಯಿತು.

"ಇಳೀರಿ ಅಳಿಯಂದ್ರ, ಬಿದ್ದೀರಿ" ಎಂದರು ಮಾವ. "ಇದರ ಮುಂದ ಹಿಂತಾವು ಇನ್ನೂ ನಾಕು ಬೋರ್ಡ್ ಅವ. ಎಲ್ಲಾದರ ಮುಂದೂ ಛತ್ರಿ ಹಿಡದು ನಿಂದ್ರತೀರೇನು?"

ಬಂದ ಮರುದಿನವೇ ಅವರು ನಾಲ್ಕನ್ನೂ ನೋಡಿದ್ದರು, ನೋಟುಬುಕ್ಕಿನಲ್ಲಿ ದೂರದ ಸಮೇತ ಬರೆದೂ ಇದ್ದರು. ನಾನು ಸ್ಟೂಲಿನಿಂದ ಇಳಿದೆ. ಇಳಿದರೂ ಇನ್ನಷ್ಟು ಇಳಿಯಬೇಕು ಅನ್ನಿಸಿತು. ಈಗ ಬರುತ್ತದೆ ಆ ಮಾತು ಎಂದು ಕಾದೆ. ಬರಲಿಲ್ಲ. ಅವರು ಸ್ಟೂಲನ್ನು ಎತ್ತಿಕೊಂಡು ಒಳಗೆ ನಡೆದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಮೆರಿಕದಿಂದ ಪ್ರಮೋದನ ವಿಡಿಯೋ ಕರೆ ಬಂತು. "ಏನ್ರಿ ಅಣ್ಣಾವ್ರ, ಒಂದನೇ ನಂಬರ್ ಹೆಂಗದರಿ?" ಎಂದು ಹಲ್ಲು ಬಿಟ್ಟ. ನನ್ನ ತಲೆ ತಿರುಗಿಹೋಯಿತು. ಎಷ್ಟೋ ವರ್ಷ ಕಾದಿರಿಸಿದ್ದ ಬಾಂಬನ್ನು ಸಾರಿನ ಬಟ್ಟಲಿನ ಮೇಲೆಯೇ ಸಿಡಿಸಿದೆ. ನಿನ್ನ ಅರವತ್ತಾರು ಸತ್ತು ಎಷ್ಟೋ ವರ್ಷವಾಯಿತು, ಸರಕಾರದ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ, ನೀನು ಇಲ್ಲದ ರಸ್ತೆಯ ಮೇಲೆ ಮನೆ ಮಾಡಿಕೊಂಡಿದ್ದೀಯ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಪ್ರಮೋದನ ಹಲ್ಲು ಒಳಗೆ ಹೋದವು. ಅವನು ಮಾವನನ್ನು ನೋಡಿದ, ನಾನೂ ಮಾವನನ್ನು ನೋಡಿದೆ. ಮಾವ ಅನ್ನ ಕಲಸುತ್ತಲೇ ಇದ್ದರು.

"ನನಗ ಗೊತ್ತದ" ಎಂದರು. "ಆ ತಗಡಿನ ಮ್ಯಾಲ ಹಿಸ್ಟಾರಿಕ್ ಅಂತ ಬರದದಲ್ಲ. ಜೀವಂತ ಇರೋ ರಸ್ತಾಕ್ಕ ಯಾರರೆ ಹಿಸ್ಟಾರಿಕ್ ಅಂತಾರೇನು? ಪ್ರಮೋದರದು ಹೋಗೇದ, ನಿಮ್ಮದೂ ಹೋಗೇದ, ನಂದಂತೂ ನಿಮಗಿಂತ ಮೊದಲ ಹೋತು. ಈ ಮನ್ಯಾಗ ಮೂರೂ ಮಂದಿ ನಂಬರ್ ಕಳಕೊಂಡವರ ಇದ್ದೇವಿ. ಜಗಳಾ ಯಾತಕ್ಕ?"

ಆಗ ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಆ ದಸರೆಯ ಮಾತನ್ನು ನಾನೇ ಎತ್ತಿದೆ. ಕಲ್ಲು ಸುಳ್ಳು ಹೇಳುತ್ತದೆ ಎಂದು ಅಂದು ಬಿಟ್ಟೆನಲ್ಲ, ತಪ್ಪಾಯಿತು ಎಂದೆ. ಮಾವ ಒಂದು ಗುಟುಕು ನೀರು ಕುಡಿದರು. "ನೀವು ಅಂದದ್ದು ಖರೇನ ಇತ್ತು. ಆವತ್ತ ಊಟಾ ಸೇರಲಿಲ್ಲ, ಅಷ್ಟ. ಮುಂದಿನ ವರ್ಷ ತಿದ್ದಿದೆ. ಕಲ್ಲಿನ ಮ್ಯಾಲ 'ಮಾಜಿ' ಅಂತ ಬರದೆ. ಮಾಜಿ ರಾ.ಹೆ. ನಾಕು. ಅದಾದಮ್ಯಾಲ ಎಷ್ಟು ಸರ್ತಿ ಬಂದು ಹೋಗೀರಿ, ನೀವು ನೋಡೇ ಇಲ್ಲೇನು?"

ನೋಡಿರಲಿಲ್ಲ. ಹತ್ತು ಹನ್ನೆರಡು ಸಲ ಆ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಚಹಾ ಕುಡಿದಿದ್ದೇನೆ, ಅದರ ಮೇಲೆ ಕಪ್ಪು ಇಟ್ಟಿದ್ದೇನೆ. ಊರಿನವರ ಕಣ್ಣು ಪರೀಕ್ಷೆ ಮಾಡಿ ಸಂಬಳ ತೆಗೆದುಕೊಳ್ಳುವ ನನಗೆ ಆ ಎರಡು ಅಕ್ಷರ ಕಂಡಿರಲಿಲ್ಲ. ಅನಘಾ ಮಾತ್ರ, "ಐ ಸಾ ಇಟ್, ಅಜ್ಜಾ. ಏಜಸ್ ಅಗೋ" ಎಂದಳು. ಕನ್ನಡ ಓದಲು ಬರುವುದಿಲ್ಲ ಎಂದು ನಾವು ದಿನಾ ಕೊರಗುವ ಹುಡುಗಿ ಅವಳು.

ಊರಿಗೆ ಹೊರಡುವ ಮುಂಚಿನ ವಾರ ಮಾವ ನಮ್ಮ ಹೂದೋಟದ ಅಂಚಿಗೆ ಬಿದ್ದಿದ್ದ ಒಂದು ಉದ್ದ ಕಲ್ಲನ್ನು ಗ್ರಾಂಟನ ಕೈಯಲ್ಲಿ ಎತ್ತಿಸಿ ಗೇಟಿನ ಒಳಗೆ ನಿಲ್ಲಿಸಿದರು. ಮಾವನ ಧಾರವಾಡದ ಇಂಗ್ಲಿಷ್ ಗ್ರಾಂಟನಿಗೆ ತಿಳಿಯದು, ಗ್ರಾಂಟನ ಇಂಗ್ಲಿಷ್ ಮಾವನಿಗೆ ತಿಳಿಯದು, ಆದರೂ ಮಟ್ಟಗೋಲು ಇಡುವ ಬಗ್ಗೆ ಒಂದು ಗಂಟೆ ವಾದ ಮಾಡಿದರು. ರಾಜ್ಯ ಹೆದ್ದಾರಿಯ ಕಲ್ಲಿಗೆ ತಲೆ ಹಸಿರಿರಬೇಕು ಎಂದು ಅನಘಾಳನ್ನು ಕಳಿಸಿ ಹಸಿರು ಬಣ್ಣ ತರಿಸಿದರು. ಕೆಳಗೆ ಬ್ಲಫ್ ಎಷ್ಟು ದೂರ, ಧಾರವಾಡ ಎಷ್ಟು ದೂರ ಎಂದು ಬರೆದರು. ಧಾರವಾಡಕ್ಕೆ ರಸ್ತೆಯಿಲ್ಲವಲ್ಲ ಎಂದರೆ, ಇಲಾಖೆಯ ಕೆಲಸದಲ್ಲಿ ಬಾಯಿ ಹಾಕಬೇಡಿ ಎಂದರು. ನಡುವೆ ನಂಬರು ಬರೆಯುವಾಗ ನಾನು ಅವರ ಕೈ ಹಿಡಿದೆ. ಒಂದು ಅಂತ ಬರೆದುಬಿಡಿ, ಯಾರು ಕೇಳುತ್ತಾರೆ ಎಂದು ಗೋಗರೆದೆ. "ಕಲ್ಲು ಸುಳ್ಳು ಹೇಳಬಾರದು" ಎಂದರು ಮಾವ, ನಗದೆ. 59 ಎಂದು ದೊಡ್ಡದಾಗಿ ಬರೆದು, ನನ್ನ ಮುಖ ನೋಡಿ ಕರುಣೆಯುಕ್ಕಿ, ಕೆಳಗೆ ಸಣ್ಣದಾಗಿ 'ಮಾಜಿ 1' ಎಂದು ಸೇರಿಸಿದರು. ಆಮೇಲೆ ಫೋನಿನಲ್ಲಿ ಸಂಘದ ಗೆಳೆಯರೊಬ್ಬರಿಗೆ ನನ್ನ ಮುಖ ತೋರಿಸಿ, "ಇವರ ನಮ್ಮ ಮಾಜಿ ಒಂದನೇ ನಂಬರ್ ಅಳಿಯಂದ್ರು" ಎಂದು ಪರಿಚಯಿಸಿದರು. ನಮ್ಮ ಕಡೆ ಶಾಸಕರಾದವರನ್ನು ಸೋತ ಮೇಲೂ ಜನ ಹೀಗೆಯೇ ಗೌರವದಿಂದ ಕರೆಯುತ್ತಾರಲ್ಲ ಎಂದುಕೊಂಡು ನಾನು ಕೈಮುಗಿದೆ.

ಮಾವ ಊರಿಗೆ ಮರಳಿದ ಮೇಲೆ ಮೊದಲ ಆಯುಧಪೂಜೆ ಬಂತು. ಕಡಲಗಾಳಿಗೆ ಕಲ್ಲಿನ ಬಣ್ಣ ಉದುರಿತ್ತು. ನಾನು ಕಲ್ಲು ತೊಳೆದು, ಹಸಿರು ಬಿಳಿ ಬಳಿದು, ಒಣಗಿದ ಮೇಲೆ ಕಪ್ಪು ಬಣ್ಣದ ಡಬ್ಬಿ ಹಿಡಿದು ಕೂತೆ. ಸುಳ್ಳು ಬರೆಯುವ ಉದ್ದೇಶ ನನಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಯಾವ ಅಕ್ಷರ ಎಷ್ಟು ದಪ್ಪ ಇರಬೇಕು ಎಂದು ಇಲಾಖೆ ಹೇಳಿರಲಿಲ್ಲ, ಮತ್ತು ಆ ವಿಷಯದಲ್ಲಿ ನನಗೆ ವೃತ್ತಿಯ ಅನುಭವ ಚೆನ್ನಾಗಿದೆ. ನಮ್ಮ ಅಂಗಡಿಯ ಗೋಡೆಯ ಮೇಲಿನ ಚಾರ್ಟಿನಲ್ಲಿ ಮೊದಲ ಅಕ್ಷರ ಮಾಲಿನ ಆಚೆ ತುದಿಯಿಂದಲೂ ಕಾಣುತ್ತದೆ; ಕೊನೆಯ ಸಾಲನ್ನು ಓದಲು ಹೋಗಿ ಎಷ್ಟೋ ಜನ ಕನ್ನಡಕ ಕೊಂಡಿದ್ದಾರೆ. ನಾನು 1 ಅನ್ನು ಮೊದಲ ಸಾಲಿನ ಗಾತ್ರದಲ್ಲಿ ಬರೆದೆ. ಅದರ ಕೆಳಗೆ 'ಮಾಜಿ' ಎಂಬುದನ್ನು ಆರನೇ ಸಾಲಿನ ಗಾತ್ರದಲ್ಲಿ ಬರೆದೆ. 59 ಅನ್ನು ಕೊನೆಯ ಸಾಲಿನ ಗಾತ್ರದಲ್ಲಿ, ಹಸಿರು ಮುಗಿಯುವ ಅಂಚಿನಲ್ಲಿ, ಅನಘಾಳ ಅತಿ ಸಣ್ಣ ಬ್ರಷ್ಷಿನಿಂದ ಬರೆದೆ. ಎಲ್ಲ ಇದೆ, ಯಾವುದನ್ನೂ ಬಿಟ್ಟಿಲ್ಲ. ಕುಂಕುಮ ಹಚ್ಚಿ, ಹೂವಿಟ್ಟು, ಹೂವು ಆಕಸ್ಮಿಕವಾಗಿ 'ಮಾಜಿ'ಯ ಮೇಲೆ ಬಂದದ್ದನ್ನು ಹಾಗೆಯೇ ಬಿಟ್ಟು, ಧಾರವಾಡಕ್ಕೆ ವಿಡಿಯೋ ಕರೆ ಹಚ್ಚಿದೆ. ನೆಟ್‌ವರ್ಕ್ ಕೆಟ್ಟಿತ್ತು, ನನಗೆ ಮಾವನ ಮೂಗೂ ಸರಿಯಾಗಿ ಕಾಣುತ್ತಿರಲಿಲ್ಲ. ಅವರು ಫೋನನ್ನು ಒಮ್ಮೆ ಹತ್ತಿರ ಹಿಡಿದರು, ಒಮ್ಮೆ ದೂರ ಹಿಡಿದರು.

"ಹೂವು ಬಾಜೂಕ ಸರಸ್ರಿ ಅಳಿಯಂದ್ರ" ಎಂದರು. "ಐವತ್ತೊಂಬತ್ತು ಭಾಳ ಸಣ್ಣದಾತು. ಒರಸಿ ಮತ್ತ ಬರೀರಿ."

ಮಸೂರ ಅಷ್ಟು ಒಳ್ಳೆಯದನ್ನು ಹಾಕಿಸಬಾರದಿತ್ತು.